ಸ್ವಗೃಹದಲ್ಲಿ ಶಿಶುಪಾಲನೆ: ದರನಿರ್ಣಯದ ಒಂದು ವಿಮರ್ಶೆ

ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತಿತೇ ಎಂದು ಕಣ್ಣಿಟ್ಟು ನೋಡುವ ಗೃಹಸ್ಥನು, ತನ್ನ ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೊರಟಾಗ ಗಡಿಯಾರದ ಮುಳ್ಳನ್ನು ಅಷ್ಟೇ ಶ್ರದ್ಧೆಯಿಂದ ನೋಡುವುದಿಲ್ಲ. ಐದು ಗಂಟೆಗೆ ಬಂದು ಕರೆದೊಯ್ಯುತ್ತೇನೆಂದು ಹೇಳಿದ ಮಗುವನ್ನು ಐದೂವರೆಗೆ ಕರೆದೊಯ್ದರೆ ಯಾವ ಲೆಕ್ಕದಲ್ಲಿ ಏನು ಏರುಪೇರಾಯಿತು ಎಂಬ ಪ್ರಶ್ನೆಯೇ ಅವನಿಗೆ ಹೊಳೆಯದು. ಅಕ್ಕಿಯನ್ನು ಅಳೆಯುವುದಕ್ಕೆ ಸೇರುಂಟು, ಬಂಗಾರವನ್ನು ತೂಗುವುದಕ್ಕೆ ಗುಲಗಂಜಿಯುಂಟು. ಇನ್ನೊಬ್ಬರ ಮಗುವನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ದಿನವಿಡೀ ನೋಡಿಕೊಳ್ಳುವ ಶ್ರಮಕ್ಕೆ ಮಾತ್ರ ಯಾವ ಅಳತೆಯೂ ಇಲ್ಲವೆಂಬಂತೆ ಲೋಕವು ನಡೆದುಕೊಳ್ಳುತ್ತಿದೆ. ಈ ಶ್ರಮಕ್ಕೆ ನ್ಯಾಯವಾದ ದರವೆಂಬುದುಂಟೇ, ಉಂಟಾದರೆ ಅದನ್ನು ಕಟ್ಟುವ ಬಗೆ ಹೇಗೆ, ಈಗ ರೂಢಿಯಲ್ಲಿರುವ ಬಗೆಗಳು ಎಲ್ಲಿ ತಪ್ಪುತ್ತಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಹಾನಗರಗಳಲ್ಲಿ ‘ಬೇಬಿ ಸಿಟ್ಟಿಂಗ್’ ಎಂಬ ಫಲಕ ತೂಗುಹಾಕಿದ ಮನೆಗಳು ಬಹುಕಾಲದಿಂದ ಇವೆ. ಆದರೆ ವಿಷಯದ ತಿರುಳು ಸ್ಪಷ್ಟವಾಗಿ ಕಾಣುವುದು ಸಣ್ಣ ಊರುಗಳಲ್ಲಿ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳನ್ನೇ ತೆಗೆದುಕೊಳ್ಳಬಹುದು. ಹೇಮಾವತಿಯ ದಡದಲ್ಲಿರುವ ಈ ಊರು ಹೋಬಳಿಯ ಕೇಂದ್ರ. ಮೈಸೂರಿನಿಂದ ಹಾಸನದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಒಂದು ನಿಲ್ದಾಣ. ಸುತ್ತಲೂ ಭತ್ತ, ಕಬ್ಬು. ಇಂಥ ಊರಿನಲ್ಲಿ ಮಗುವನ್ನು ನೋಡಿಕೊಳ್ಳುವುದು ಒಂದು ಕಸುಬೆಂದು ಹಿಂದಿನವರು ಎಣಿಸಿರಲಿಲ್ಲ. ಅಜ್ಜಿ ಇದ್ದಳು, ಅತ್ತೆ ಇದ್ದಳು, ಹಿರಿಯ ಮಗಳು ಇದ್ದಳು. ಇವರಾರೂ ಇಲ್ಲದ ದಿನ ಪಕ್ಕದ ಮನೆಯ ದೊಡ್ಡಮ್ಮ ಇದ್ದಳು. ನಾಟಿಯ ದಿನ ಒಬ್ಬಳು ಮಕ್ಕಳನ್ನು ನೋಡಿಕೊಂಡರೆ ಕೊಯ್ಲಿನ ದಿನ ಇನ್ನೊಬ್ಬಳು ನೋಡಿಕೊಳ್ಳುತ್ತಿದ್ದಳು. ಹೊಲಗದ್ದೆಯ ಕೆಲಸದಲ್ಲಿ ‘ಮುಯ್ಯಾಳು’ ಎಂದು ಕರೆಯುವ ಪದ್ಧತಿಯ ಸಹಜವಾದ ವಿಸ್ತರಣೆ ಇದು. ಇಂದು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಅಲ್ಲಿ ಹಣವಿಲ್ಲ, ಆದರೆ ಲೆಕ್ಕವಿಲ್ಲವೆಂದು ಯಾರೂ ತಿಳಿಯಬಾರದು. ಮುಯ್ಯಿ ತೀರಿಸದವನ ಗದ್ದೆಗೆ ಮರುವರ್ಷ ಆಳು ಬಾರದು. ಮುಯ್ಯಿಯ ಲೆಕ್ಕ ಬರಹದಲ್ಲಿರಲಿಲ್ಲ, ಊರಿನ ನೆನಪಿನಲ್ಲಿತ್ತು.

ತಾಯಿಯು ಸಂಬಳದ ಕೆಲಸಕ್ಕೆ ಹೋಗತೊಡಗಿದಾಗ ಈ ಮುಯ್ಯಿ ಮುರಿಯಿತು. ಶಾಲೆಯಲ್ಲಿ ಪಾಠ ಹೇಳುವವಳು, ಆಸ್ಪತ್ರೆಯ ದಾದಿ, ಅಂಗಡಿಯ ಲೆಕ್ಕ ಬರೆಯುವವಳು, ಉಡುಪಿನ ಕಾರ್ಖಾನೆಗೆ ವ್ಯಾನು ಹತ್ತಿ ಹೋಗುವವಳು, ಇವರಲ್ಲಿ ಯಾರೂ ನೆರೆಯಾಕೆಯ ಮಗುವನ್ನು ಒಂದು ದಿನ ನೋಡಿಕೊಂಡು ಋಣ ತೀರಿಸಲಾರರು. ತೀರಿಸಲಾಗದ ಮುಯ್ಯಿಗೆ ಹಣವೇ ಪ್ರತಿಯಾಗಬೇಕು. ಆದರೆ ಹಣ ಬಂದರೂ ಮಾತು ಮಾತ್ರ ಹಳೆಯದೇ ಉಳಿದಿದೆ. “ನಿಮ್ಮನೆ ಮಗು ಇದ್ದ ಹಾಗೆ ಅಲ್ವಾ ದೊಡ್ಡಮ್ಮ” ಎಂಬ ಮಾತು ದರ ಗೊತ್ತುಮಾಡುವ ದಿನ ತಪ್ಪದೆ ಕೇಳಿಬರುತ್ತದೆ. ಆ ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಆಕೆಯ ಬಾಯಿಂದ ಒಂದು ಸಂಖ್ಯೆ ಹೊರಡದಂತೆ ಮಾಡುವ ಶಕ್ತಿಯೂ ಅದಕ್ಕಿದೆ. ದೊಡ್ಡಮ್ಮ ಎನಿಸಿಕೊಂಡವಳು ದರ ಕೇಳುವುದು ಹೇಗೆ? ಕೊನೆಗೆ “ನಿಮಗೆ ತೋಚಿದ್ದು ಕೊಡಿ” ಎನ್ನುತ್ತಾಳೆ. ತೋಚುವುದು ಯಾವಾಗಲೂ ಕಡಿಮೆಯೇ; ಉಳಿದುದಕ್ಕೆ ಹಬ್ಬಕ್ಕೊಂದು ಸೀರೆ.

ಹಳೆಯ ಗ್ರಾಮವ್ಯವಸ್ಥೆಯ ‘ಆಯ’ವನ್ನು ಇಲ್ಲಿ ಸ್ಮರಿಸಿಕೊಳ್ಳಬಹುದು. ಅಗಸ, ಕ್ಷೌರಿಕ, ಕಮ್ಮಾರ, ಬಡಗಿ ಮೊದಲಾದವರಿಗೆ ಸುಗ್ಗಿಯಲ್ಲಿ ಕಣದಿಂದಲೇ ಇಷ್ಟು ಧಾನ್ಯವೆಂದು ಸಲ್ಲುತ್ತಿತ್ತು. ಆ ವ್ಯವಸ್ಥೆಯ ಮೇಲುಕೀಳುಗಳನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೂ ಒಂದು ಅಂಶ ಗಮನಾರ್ಹ: ಕಮ್ಮಾರನ ಆಯವು ರೈತನ ಔದಾರ್ಯವಾಗಿರಲಿಲ್ಲ, ಹಕ್ಕಾಗಿತ್ತು. ಮಗುವನ್ನು ಈ ಲೋಕಕ್ಕೆ ತರುತ್ತಿದ್ದ ಸೂಲಗಿತ್ತಿಗಾದರೋ ಅಕ್ಕಿ, ಎಲೆಅಡಿಕೆ, ಕುಪ್ಪಸದ ಕಣಗಳೇ ಬಹುಮಟ್ಟಿಗೆ ಸಂದಾಯ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅವರು ಕೊಟ್ಟದ್ದು ದಾನ. ಅದನ್ನು ದಾನವೆಂದು ನಿರ್ಧರಿಸಿದವರೂ ಅವರೇ. ಪಡೆಯುವವರು ತಾವಾಗಿ “ಇದು ನಿಮ್ಮ ದಾನ” ಎಂದು ಹೇಳಿ ಕೈತೊಳೆದುಕೊಳ್ಳುವುದು ಬೇರೆಯೇ ವಿಷಯ.

ಇನ್ನು ಈಗ ದರ ನಿಶ್ಚಯಿಸುವ ಬಗೆಗಳನ್ನು ನೋಡೋಣ. ತಾಯಿಗೆ ಸಂಬಳ ಎಷ್ಟು ಎಂದು ಕೇಳಿ ಅದರ ಒಂದು ಭಾಗವನ್ನು ನಿಗದಿಮಾಡುವುದು ಮೊದಲನೆಯ ಬಗೆ. ಮೇಲ್ನೋಟಕ್ಕೆ ಇದು ನ್ಯಾಯದಂತೆಯೇ ತೋರುತ್ತದೆ. ಆದರೆ ವ್ಯಾಪಾರ ಬಲ್ಲ ಯಾರಿಗಾದರೂ ಇದರ ದೋಷ ಒಡನೆಯೇ ಹೊಳೆಯಬೇಕು. ಕೊಳ್ಳುವವನ ಜೇಬನ್ನು ನೋಡಿ ಬೆಲೆ ಹೇಳುವ ಅಂಗಡಿಯವನನ್ನು ಊರು ಮೆಚ್ಚುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಲೆಕ್ಕದಲ್ಲಿ ತಂದೆಯ ಸಂಬಳ ಎಂದಿಗೂ ಪ್ರವೇಶಿಸುವುದಿಲ್ಲ. ಮಗು ಇಬ್ಬರದು, ಅದನ್ನು ನೋಡಿಕೊಳ್ಳುವ ಖರ್ಚು ಮಾತ್ರ ತಾಯಿಯ ದುಡಿಮೆಯ ಮೇಲಿನ ಖರ್ಚೆಂದು ಬರೆಯಲಾಗುತ್ತದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ತಪ್ಪು ಖಾತೆಗೆ ಹಾಕಿದ ಖರ್ಚು. “ಅವಳ ಸಂಬಳವೆಲ್ಲ ಮಗು ನೋಡಿಕೊಳ್ಳುವವರಿಗೇ ಹೋಗುತ್ತದೆ, ಕೆಲಸಕ್ಕೆ ಏಕೆ ಹೋಗಬೇಕು?” ಎಂದು ಹಿರಿಯರು ಹೇಳುವ ಮಾತು ಈ ತಪ್ಪು ನಮೂದಿನಿಂದಲೇ ಹುಟ್ಟುವುದು.

ಪಕ್ಕದ ಬೀದಿಯಲ್ಲಿ ಎಷ್ಟು ಕೊಡುತ್ತಾರೋ ಅಷ್ಟು ಎಂಬುದು ಎರಡನೆಯ ಬಗೆ. ಧಾನ್ಯದ ಮಂಡಿಯಲ್ಲಿ ಪೇಟೆಧಾರಣೆಗೆ ಅರ್ಥವುಂಟು. ಅಲ್ಲಿ ಹತ್ತಾರು ಮಾರುವವರು, ಹತ್ತಾರು ಕೊಳ್ಳುವವರು, ಎಲ್ಲರ ಕಣ್ಣೆದುರಿನ ಸವಾಲು. ಸಣ್ಣ ಊರಿನಲ್ಲಿ ಮಗು ನೋಡಿಕೊಳ್ಳುವವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬಳು ಸಂಕೋಚದಿಂದ ಒಪ್ಪಿಕೊಂಡ ಮೊತ್ತವೇ ಉಳಿದವರಿಗೂ ಧಾರಣೆಯಾಗಿಬಿಡುತ್ತದೆ. ಮೂರನೆಯದು ಮೈಸೂರು ಬೆಂಗಳೂರುಗಳ ದರವನ್ನು ಕೇಳಿ ಅದರಲ್ಲಿ ಅರ್ಧ ಹೇಳುವುದು. ಇದಕ್ಕೆ ಹೆಚ್ಚು ವಿಮರ್ಶೆ ಬೇಕಾಗಿಲ್ಲ. ಮಗುವಿಗೆ ಹಳ್ಳಿಯಲ್ಲಿ ಅರ್ಧದಷ್ಟೇ ಹಸಿವಾಗುವುದಿಲ್ಲ.

ರೂಢಿ ಹೀಗಿರಲು ಕಾನೂನು ಏನು ಹೇಳುತ್ತದೆ? ಇಲ್ಲಿ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು. 1957ರಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಕಟ್ಟುವ ಸೂತ್ರವೊಂದನ್ನು ಒಪ್ಪಿಕೊಂಡಿತು. ದುಡಿಯುವವನೊಬ್ಬನ ಸಂಬಳವು ಮೂರು ಅನುಭೋಗ ಘಟಕಗಳ ಕುಟುಂಬವನ್ನು ಸಾಕಬೇಕು. ಅನ್ನ, ಬಟ್ಟೆ, ಬಾಡಿಗೆ, ಸೌದೆ ದೀಪಗಳ ಖರ್ಚು ಅದರಲ್ಲಿ ಅಡಕವಾಗಬೇಕು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಪ್ಟಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಮಕ್ಕಳ ವಿದ್ಯೆ, ಔಷಧೋಪಚಾರ ಮೊದಲಾದವುಗಳಿಗಾಗಿ ಇದಕ್ಕೆ ಶೇಕಡ 25ನ್ನು ಸೇರಿಸಿತು. ಸೂತ್ರವು ಮಾನವೀಯವಾದುದೇ. ಆದರೆ ಅದನ್ನು ನಿಧಾನವಾಗಿ ಓದಿದರೆ ಒಂದು ಮೌನ ಎದ್ದುಕಾಣುತ್ತದೆ. ಹೆಂಡತಿಯ ಊಟದ ಲೆಕ್ಕ ಅದರಲ್ಲಿದೆ, ಮಕ್ಕಳ ಊಟದ ಲೆಕ್ಕವೂ ಇದೆ. ಮಕ್ಕಳನ್ನು ನೋಡಿಕೊಳ್ಳುವವರ ಕೂಲಿ ಎಂಬ ಬಾಬು ಇಲ್ಲ. ಮನೆಯಲ್ಲಿ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ, ಆ ಕೆಲಸ ತಾನಾಗಿ ನಡೆಯುತ್ತದೆ ಎಂಬ ಊಹೆಯ ಮೇಲೆ ಇಡೀ ಸೂತ್ರ ನಿಂತಿದೆ. ಗಂಡಹೆಂಡಿರಿಬ್ಬರೂ ಕನಿಷ್ಠ ವೇತನಕ್ಕೆ ದುಡಿಯುವ ಮನೆಯಲ್ಲಿ ಶಿಶುಪಾಲನೆಗೆ ಕೊಡಲು ಹಣ ಸಾಲದೆ ಹೋಗುವುದಕ್ಕೆ ಒಂದು ಕಾರಣ ಈ ಮೌನ. 1948ರ ಕನಿಷ್ಠ ವೇತನ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದು 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಮೂರು ಘಟಕಗಳ ಆ ಕುಟುಂಬದ ಕಲ್ಪನೆ ಮಾತ್ರ ಹಾಗೆಯೇ ಮುಂದುವರಿದಿದೆ.

ಇನ್ನೊಂದು ವಿಚಿತ್ರವೂ ಇದೆ. ಮಗುವನ್ನು ನೋಡಿಕೊಳ್ಳುವ ಕೆಲಸ ಒಂದೇ. ಅದು ಯಾರ ಸೂರಿನ ಕೆಳಗೆ ನಡೆಯುತ್ತದೆಂಬುದನ್ನು ನೋಡಿ ಕಾನೂನು ಬೆಲೆ ಕಟ್ಟುತ್ತದೆ. ಕೆಲಸದಾಕೆಯು ಯಜಮಾನರ ಮನೆಗೆ ಹೋಗಿ ಮಗುವನ್ನು ನೋಡಿಕೊಂಡರೆ ಅದು ಮನೆಗೆಲಸ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು, 2004ರಲ್ಲಿ. ಪಾತ್ರೆ ಬಟ್ಟೆಗಳ ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವುದನ್ನೂ ಆ ಅಧಿಸೂಚನೆ ಹೆಸರಿಸಿತು. ಕಾರ್ಖಾನೆಯ ಸೂರಿನ ಕೆಳಗೆ ನಡೆದರೆ 1948ರ ಕಾರ್ಖಾನೆ ಕಾಯಿದೆಯು ಶಿಶುಗೃಹವನ್ನು ಕಡ್ಡಾಯಮಾಡಿತ್ತು; 1976ರ ತಿದ್ದುಪಡಿಯಾದ ಮೇಲೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸಮಾಡುವ ಕಾರ್ಖಾನೆಗಳಿಗೆಲ್ಲ ಅದು ಅನ್ವಯಿಸಿತು. ಬಯಲಿನಲ್ಲಿ, ಮರದ ನೆರಳಿನಲ್ಲಿ ನಡೆದರೆ? 2005ರ ಉದ್ಯೋಗ ಖಾತರಿ ಕಾಯಿದೆ ಇದಕ್ಕೆ ಕೊಟ್ಟ ಉತ್ತರ ಬಹು ಸುಂದರವಾದುದು. ಕಾಮಗಾರಿಯ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಕೂಲಿ ಹೆಂಗಸರಲ್ಲೇ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ಬಿಡಬೇಕು, ಮಣ್ಣು ಅಗೆಯುವವರಿಗೆ ಏನು ಕೂಲಿಯೋ ಆಕೆಗೂ ಅದೇ ಕೂಲಿ ಸಲ್ಲಬೇಕು ಎಂದಿತು. ಕಾರ್ಯತಃ ಎಷ್ಟು ಕಡೆ ಹಾಗೆ ನಡೆಯಿತೆಂಬುದು ಬೇರೆ ಮಾತು. ಗುದ್ದಲಿ ಹಿಡಿದ ಕೈಗೂ ಮಗುವನ್ನು ಹಿಡಿದ ಕೈಗೂ ಒಂದೇ ಬೆಲೆಯೆಂದು ಈ ದೇಶದ ಶಾಸನವೊಂದು ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಅಂಗನವಾಡಿಯ ಕಥೆ ಬೇರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅರ್ಧ ಶತಮಾನ ಕಳೆದರೂ ಅಲ್ಲಿ ದುಡಿಯುವವರಿಗೆ ಬರುವುದು ‘ಗೌರವಧನ’. ಗೌರವವನ್ನು ಧನಕ್ಕೆ ಅಂಟಿಸಿದರೆ ಧನ ಕಡಿಮೆಯಾದರೂ ನಡೆಯುತ್ತದೆ ಎಂಬ ಲೋಕನೀತಿಯ ನಿದರ್ಶನವಿದು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಉಪದಾನ, ಅಂದರೆ ಗ್ರ್ಯಾಚುಯಿಟಿ, ಸಲ್ಲಬೇಕೆಂದು ತೀರ್ಪಿತ್ತಿತು. ಕರ್ನಾಟಕ ಸರ್ಕಾರವು 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಮೂರು ವರ್ಷದೊಳಗಿನ ಮಕ್ಕಳಿಗೆ ಹಗಲಿನ ನೆಲೆ. ಹೆಸರೇ ಆತ್ಮೀಯವಾಗಿದೆ. ಆರೈಕೆದಾರರಿಗೆ ಉದ್ಯೋಗ ಖಾತರಿಯ ಕೂಲಿಯನ್ನೇ ಕೊಡಲು ಹೊರಟದ್ದು ಶ್ಲಾಘ್ಯ. ಆದರೆ ಆ ಕೂಲಿಗೆ ವರ್ಷಕ್ಕೆ ನೂರು ದಿನಗಳ ಮಿತಿ ಇದ್ದುದರಿಂದ ಆರೈಕೆದಾರರು ಸರದಿಯಂತೆ ಬದಲಾಗಬೇಕಾಯಿತು. ಕಾಮಗಾರಿಯ ಲೆಕ್ಕಕ್ಕೆ ಇದು ಸರಿಹೋದೀತು. ಎಂಟು ತಿಂಗಳ ಕೂಸಿಗೆ ಮುಖ ಬದಲಾದರೆ ಮನೆಯೇ ಬದಲಾದಂತೆ.

ಈ ಎಲ್ಲ ಸೂರುಗಳ ನಡುವೆ ತನ್ನದೇ ಸೂರಿನ ಕೆಳಗೆ ಎರಡು ಮೂರು ಮಕ್ಕಳನ್ನು ನೋಡಿಕೊಳ್ಳುವ ಗೃಹಿಣಿಯು ಎಲ್ಲಿ ನಿಲ್ಲುತ್ತಾಳೆ? ಎಲ್ಲಿಯೂ ಇಲ್ಲ. ಆಕೆ ಯಾರ ಆಳೂ ಅಲ್ಲ, ಆದ್ದರಿಂದ ಕನಿಷ್ಠ ವೇತನವಿಲ್ಲ. ಅಂಗಡಿಯೂ ಅಲ್ಲ, ಆದ್ದರಿಂದ ಧಾರಣೆಯ ಫಲಕವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ 189ನೆಯ ಒಡಂಬಡಿಕೆಯು ಮನೆಯೊಳಗೆ ಮಾಡುವ ಕೆಲಸದ ಜೊತೆಗೆ ಮನೆಗಾಗಿ ಮಾಡುವ ಕೆಲಸವನ್ನೂ ಮನೆಗೆಲಸವೆಂದು ಅಂಗೀಕರಿಸಿದೆ. ಆದರೆ ಅದೂ ಒಡೆಯ ಆಳುಗಳ ಸಂಬಂಧವಿದ್ದರೆ ಮಾತ್ರ ಅನ್ವಯ, ಮೇಲಾಗಿ ಭಾರತವು ಅದಕ್ಕೆ ಸಹಿಮುದ್ರೆ ಹಾಕಿಲ್ಲ. ಹೀಗಾಗಿ ನ್ಯಾಯವನ್ನು ಹೊರಗಿನ ಕಾಯಿದೆಯಲ್ಲಿ ಹುಡುಕಿ ಫಲವಿಲ್ಲ. ಕೊಡುವವರ ಮತ್ತು ಪಡೆಯುವವರ ವಿವೇಕದಲ್ಲೇ ಅದನ್ನು ಹುಡುಕಬೇಕು. ಶ್ರಾವಕನ ವ್ರತಚರ್ಚೆ ಇಲ್ಲಿ ಉಪಯೋಗಕ್ಕೆ ಬರುವುದು ಇದೇ ಕಾರಣದಿಂದ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಒಂದು. ಕೊಡುವಾಗ ಸಣ್ಣ ಅಳತೆ, ತೆಗೆದುಕೊಳ್ಳುವಾಗ ದೊಡ್ಡ ಅಳತೆ. ಪ್ರಾಚೀನ ಆಚಾರ್ಯರು ಇದನ್ನು ಸೇರು ತಕ್ಕಡಿಗಳ ಉದಾಹರಣೆಯಿಂದ ವಿವರಿಸಿದರು. ಅಂದಿನ ವ್ಯವಹಾರ ಬಹುಮಟ್ಟಿಗೆ ಪದಾರ್ಥಗಳದ್ದಾಗಿತ್ತು. ಇಂದು ಮನುಷ್ಯರು ಒಬ್ಬರಿಂದೊಬ್ಬರು ಕೊಳ್ಳುವುದರಲ್ಲಿ ಬಹುಪಾಲು ಕಾಲವೇ. ಕಾಲವನ್ನು ರಾಶಿಯೇರಿಸಿ ಅಳೆದುಕೊಂಡು ಹಣವನ್ನು ಕೋಲಿನಿಂದ ಸವರಿ ಅಳೆದುಕೊಟ್ಟರೆ ಅದು ಅದೇ ಅತಿಚಾರವಲ್ಲದೆ ಮತ್ತೇನು? ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ ಇನ್ನೊಂದು: ಹೊರಬಲ್ಲುದಕ್ಕಿಂತ ಹೆಚ್ಚಿನ ಭಾರ ಹೊರಿಸುವುದು. ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಶಿಶುಪಾಲನೆಯಲ್ಲಿ ಮಾತ್ರ ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ದರ ಸಾಲದೆ ಹೋದಾಗ ಆಕೆ ಮೂರು ಮಕ್ಕಳ ಬದಲು ಆರು ಮಕ್ಕಳನ್ನು ಒಪ್ಪಿಕೊಳ್ಳುತ್ತಾಳೆ. ಆರು ಮಕ್ಕಳಿಗೆ ಎರಡೇ ಕೈ. ಅತ್ತ ಒಂದು ಅಳುತ್ತಿರುತ್ತದೆ, ಇತ್ತ ಒಂದು ಒದ್ದೆಯಲ್ಲಿ ಮಲಗಿರುತ್ತದೆ, ಉಳಿದವು ದೂರದರ್ಶನದ ಮುಂದೆ. ತಂದೆತಾಯಿ ಅಳತೆಯಲ್ಲಿ ಉಳಿಸಿದ ಹಣವನ್ನು ಕೊನೆಗೆ ತೆರುವುದು ಅವರದೇ ಮಗು. ದರದ ಪ್ರಶ್ನೆಯನ್ನು ಬರಿಯ ಚೌಕಾಸಿಯ ಪ್ರಶ್ನೆಯೆಂದು ತಳ್ಳಿಹಾಕುವವರು ಇದನ್ನು ಕಾಣುತ್ತಿಲ್ಲ.

ಆದುದರಿಂದ ದರವನ್ನು ಬುಡದಿಂದ ಕಟ್ಟಿ ನೋಡುವುದು ಒಳಿತು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಒಂದು ಗಂಟೆಯ ವಿಶ್ರಾಂತಿ ಸೇರಿ ಎಂಟು ಗಂಟೆಯ ದಿನ. ಇದಕ್ಕಿಂತ ಕಡಿಮೆಯಾದುದನ್ನು ಯಾವ ಶ್ರಮಕ್ಕೂ ನ್ಯಾಯವಾದ ತಳವೆಂದು ಹೇಳುವುದು ಕಷ್ಟ. ಗಂಟೆಗೆ 46 ರೂಪಾಯಿ 25 ಪೈಸೆಯಾಯಿತು. ಬೆಳಗಿನ ಎಂಟರಿಂದ ಸಂಜೆಯ ಆರರವರೆಗೆ ಮಕ್ಕಳನ್ನು ನೋಡಿಕೊಳ್ಳುವ ಮನೆಯೆಂದು ಭಾವಿಸೋಣ. ಹತ್ತು ಗಂಟೆಗೆ 462 ರೂಪಾಯಿ 50 ಪೈಸೆ. ತಿಂಗಳಿಗೆ 26 ದಿನವೆಂದರೆ 12,025 ರೂಪಾಯಿ. ಇದು ಆಕೆಯ ಕಾಲದ ಬೆಲೆ, ಮಗುವಿನ ಬೆಲೆಯಲ್ಲ. ಒಂದು ಮಗುವಿದ್ದರೂ ಮೂರು ಮಕ್ಕಳಿದ್ದರೂ ಆಕೆ ಮನೆ ಬಿಟ್ಟು ಕದಲುವಂತಿಲ್ಲ. ಮೂರು ಮಕ್ಕಳಿದ್ದರೆ ತಲೆಗೆ 4,008 ರೂಪಾಯಿ ಚಿಲ್ಲರೆ. ಒಂದೇ ಮಗುವಿದ್ದರೆ ಪೂರ್ತಿ ಮೊತ್ತವೂ ಅದೊಂದರ ಮೇಲೆಯೇ. ಹಾಗೆ ಕೊಡಬಲ್ಲ ಕುಟುಂಬಗಳು ಕೆಲವೇ ಇರುವುದರಿಂದಲೇ ಎರಡು ಮೂರು ಮನೆಗಳು ಸೇರಿ ಒಬ್ಬಳನ್ನು ಆಶ್ರಯಿಸುವುದು ಸಹಜವಾಗುತ್ತದೆ.

ಮಗುವಿಗಾಗುವ ಪದಾರ್ಥದ ಖರ್ಚನ್ನು ಇದರೊಳಗೆ ಬೆರೆಸಬಾರದು. ನಂದಿನಿಯ ನೀಲಿ ಪೊಟ್ಟಣದ ಹಾಲು 2025ರ ಏಪ್ರಿಲ್ 1ರಿಂದ ಲೀಟರಿಗೆ 46 ರೂಪಾಯಿ ಆಯಿತು. ದಿನಕ್ಕೆ ಕಾಲು ಲೀಟರು ಕುಡಿಯುವ ಮಗುವಿಗೆ 26 ದಿನದಲ್ಲಿ 299 ರೂಪಾಯಿಯ ಹಾಲು ಬೇಕು. ರಾಗಿ ಅಂಬಲಿ, ಬಾಳೆಹಣ್ಣು, ಸೋಪು, ಬಿಸಿನೀರಿಗೆ ಸೌದೆ ಅಥವಾ ಅನಿಲ, ಇವೆಲ್ಲ ಬೇರೆ. ಎಷ್ಟೋ ಮನೆಗಳಲ್ಲಿ ಇವು ಆಕೆಯ ಅಡಿಗೆಮನೆಯಿಂದಲೇ ಸದ್ದಿಲ್ಲದೆ ಹೋಗುತ್ತವೆ. ಫ್ರಾನ್ಸ್ ದೇಶದಲ್ಲಿ ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ಪರವಾನಗಿಯುಂಟು, ಕನಿಷ್ಠ ದರವೂ ಉಂಟು. ಅಲ್ಲಿನ 2006ರ ನಿಯಮದಂತೆ ಮಗುವೊಂದಕ್ಕೆ ಗಂಟೆಯ ಕನಿಷ್ಠ ಕೂಲಿಯ ಶೇಕಡ 28ಕ್ಕೆ ತುಸು ಮೇಲೆ. ನಾಲ್ಕು ಮಕ್ಕಳಾದರೆ ಒಟ್ಟಾರೆ ಕನಿಷ್ಠ ಕೂಲಿಯನ್ನು ಅದು ಸ್ವಲ್ಪ ಮೀರುತ್ತದೆ. ಗಮನಿಸಬೇಕಾದದ್ದು ಇನ್ನೊಂದು: ಊಟ ಮತ್ತು ನಿರ್ವಹಣೆಯ ಖರ್ಚನ್ನು ಅಲ್ಲಿ ಕೂಲಿಯಲ್ಲಿ ಸೇರಿಸದೆ ಬೇರೆಯಾಗಿ ಕೊಡಬೇಕು. ಹಾಲಿನ ಖಾತೆ ಬೇರೆ, ಆಳಿನ ಖಾತೆ ಬೇರೆ. ಕಿರಾಣಿ ಅಂಗಡಿಯ ಹುಡುಗನಿಗೂ ತಿಳಿಯುವ ನ್ಯಾಯವಿದು.

ಎಲ್ಲ ಮಕ್ಕಳೂ ಒಂದೇ ತೂಕವೇ? ನಾಲ್ಕು ವರ್ಷದ ಮಗು ತಾನೇ ಕೈತೊಳೆದುಕೊಂಡೀತು, ಮಧ್ಯಾಹ್ನ ಮಲಗೀತು. ಎಂಟು ತಿಂಗಳ ಕೂಸನ್ನು ಕಣ್ಣಳತೆಯಿಂದ ಬಿಡುವಂತಿಲ್ಲ. ಇಂಗ್ಲೆಂಡಿನ ನಿಯಮವು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಎಂಟು ವರ್ಷದೊಳಗಿನ ಆರು ಮಕ್ಕಳ ಮಿತಿ ಹಾಕಿದೆ. ಅವರಲ್ಲಿ ಎಳೆಯರು ಸಾಮಾನ್ಯವಾಗಿ ಮೂವರು, ವರ್ಷ ತುಂಬದ ಕೂಸು ಒಂದು. ಹೀಗೆ ಭಾರವನ್ನು ವಯಸ್ಸಿನಿಂದ ಅಳೆಯುವುದು ಯುಕ್ತವೆಂದ ಮೇಲೆ ದರವನ್ನೂ ಹಾಗೆಯೇ ಹಂಚಬೇಕಲ್ಲವೇ? ಮೇಲಿನ ಉದಾಹರಣೆಯ ಮೂವರಲ್ಲಿ ಒಂದು ಹಸುಗೂಸಾಗಿದ್ದು ಅದಕ್ಕೆ ಎರಡು ಪಾಲು ಇಟ್ಟರೆ ಒಟ್ಟು ನಾಲ್ಕು ಪಾಲು. ದೊಡ್ಡ ಮಕ್ಕಳಿಗೆ 3,006, ಕೂಸಿಗೆ 6,012 ರೂಪಾಯಿ. ಗಣಿತವೇನೋ ಸರಿ. ಆದರೆ ಕೂಸಿನ ತಾಯಿ ಹೆರಿಗೆಯ ರಜೆ ಮುಗಿಸಿ ಆಗತಾನೇ ಕೆಲಸಕ್ಕೆ ಮರಳಿದವಳು. 2017ರ ತಿದ್ದುಪಡಿ ಕೊಟ್ಟ 26 ವಾರಗಳ ಸವೇತನ ರಜೆಯೂ ಸಂಬಳದ ಪಟ್ಟಿಯಲ್ಲಿರುವವರಿಗೆ ಮಾತ್ರ. ಅತಿ ಹೆಚ್ಚು ಕೊಡಬೇಕಾದ ಕಾಲದಲ್ಲೇ ಆಕೆಯ ಕೈ ಬಹಳ ಬಿಗಿಯಾಗಿರುತ್ತದೆ. ಇಲ್ಲಿ ಮೂರೂ ಮನೆಗಳು ಕೂತು ಮಾತನಾಡಿಕೊಂಡು ಸಮಪಾಲು ಹಾಕಿಕೊಂಡರೆ ಅದು ಮುಯ್ಯಿಯ ಹಳೆಯ ಧರ್ಮವೇ ಆದೀತು. ಇಂದಿನ ಕೂಸು ನಾಳೆ ದೊಡ್ಡದಾಗಿ ಮತ್ತೊಂದು ಮನೆಯ ಕೂಸಿನ ಭಾರವನ್ನು ಹಂಚಿಕೊಳ್ಳುತ್ತದೆ. ಸಮಪಾಲೋ ಹೆಚ್ಚುಪಾಲೋ, ಅದು ಕೊಡುವವರ ಒಳಗಿನ ಏರ್ಪಾಡು. 12,025ರಲ್ಲಿ ಕಡಿತವಾಗಬಾರದು ಎಂಬುದೊಂದೇ ಮಿತಿ.

ಕೊಸರಿನ ಮಾತಿಗೆ ಬರೋಣ. ತರಕಾರಿಯವಳು ತೂಕ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕುವುದು ಕೊಸರು; ಕೊಡುವವಳ ಕೈಯಿಂದ ಬಂದಾಗ ಅದಕ್ಕೆ ಸೊಗಸುಂಟು. ಕೊಳ್ಳುವವನೇ ಕೈಹಾಕಿ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ದಿನಕ್ಕೆ ಅರ್ಧ ಗಂಟೆ ತಡವಾಗಿ ಬರುವ ತಂದೆಯು ತಿಂಗಳಿಗೆ 13 ಗಂಟೆಯನ್ನು ಹೀಗೆ ಕೈಹಾಕಿ ತೆಗೆದುಕೊಳ್ಳುತ್ತಾನೆ. ಉಳಿದ ಮಕ್ಕಳು ಮನೆಗೆ ಹೋಗಿಯಾಗಿದೆ. ಆತನ ಮಗುವೊಂದಕ್ಕಾಗಿ ಆಕೆ ಸಂಜೆಯ ಅಡಿಗೆ ಬಿಟ್ಟು ಕಾಯುತ್ತಿದ್ದಾಳೆ. 13 ಗಂಟೆಗೆ 601 ರೂಪಾಯಿ 25 ಪೈಸೆ. ವರ್ಷಕ್ಕೆ 156 ಗಂಟೆ, ಅಂದರೆ ಎಂಟು ಗಂಟೆಯ ಹತ್ತೊಂಬತ್ತೂವರೆ ದಿನ. ಒಬ್ಬ ಆಳಿನಿಂದ ಹತ್ತೊಂಬತ್ತು ದಿನ ಪುಕ್ಕಟೆ ದುಡಿಸಿಕೊಂಡೆನೆಂದು ಹೇಳಿದರೆ ನಾಚುವ ಗೃಹಸ್ಥನು, ಅರ್ಧ ಗಂಟೆಯ ಚೂರುಗಳಾಗಿ ಅದನ್ನೇ ತೆಗೆದುಕೊಂಡಾಗ ನಾಚುವುದಿಲ್ಲ. ರೈಲು ತಡವಾದರೆ ಯಾರ ತಪ್ಪೂ ಅಲ್ಲ, ನಿಜ. ಆದರೆ ರೈಲಿನ ತಡಕ್ಕೆ ಆಕೆಯೇ ಏಕೆ ದಂಡ ತೆರಬೇಕು?

ಮಗು ಬಾರದ ದಿನಗಳ ವಿಷಯವೂ ಹೀಗೆಯೇ. ಅಜ್ಜಿಯ ಊರಿಗೆ ಹೋಗಿದ್ದೆವು, ಹತ್ತು ದಿನ ಹಿಡಿದುಕೊಳ್ಳಿ ಎನ್ನುತ್ತಾರೆ. ಬಾಡಿಗೆಗೆ ಹಿಡಿದ ಉಗ್ರಾಣದಲ್ಲಿ ಹತ್ತು ದಿನ ಮೂಟೆ ಇಡದಿದ್ದರೆ ಬಾಡಿಗೆ ಕಡಿಮೆಯಾಗುವುದಿಲ್ಲ. ಜಾಗ ಕಾದಿರಿಸಿದ್ದಕ್ಕೇ ಅದು ಸಲ್ಲುವುದು. ಆಕೆಗೇ ಕಾಯಿಲೆಯಾದರೆ, ಆಕೆಯ ಮನೆಯಲ್ಲೇ ಮದುವೆ ತಿಥಿ ಬಂದರೆ? ವರ್ಷಕ್ಕೆ ಇಷ್ಟು ದಿನವೆಂದು ಮೊದಲೇ ಒಪ್ಪಿಕೊಂಡ ಸವೇತನ ರಜೆ ಇರತಕ್ಕದ್ದು.

ಇಷ್ಟೆಲ್ಲ ಬರೆದ ಮೇಲೆ ಒಂದು ಆಕ್ಷೇಪವನ್ನು ಎದುರಿಸದೆ ಗತ್ಯಂತರವಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ತರುವ ತಾಯಿ ನಾಲ್ಕು ಸಾವಿರ, ಅದರ ಮೇಲೆ ಹಾಲಿನ ಹಣವನ್ನು ಎಲ್ಲಿಂದ ತರುವಳು? ಆಕ್ಷೇಪ ನಿಜವಾದುದು. ಇಬ್ಬರು ಬಡ ಹೆಂಗಸರ ನಡುವೆ ನ್ಯಾಯ ಹೇಳುವುದು ಸುಲಭವಲ್ಲ. ಆದರೆ ಒಬ್ಬಳ ಕೊರತೆಯನ್ನು ಇನ್ನೊಬ್ಬಳ ಕೂಲಿಯಿಂದ ತುಂಬುವುದು ಪರಿಹಾರವೆನಿಸದು. ಆ ಕೊರತೆಯನ್ನು ತಂದೆಯ ಸಂಬಳ ತುಂಬಬೇಕು, ತಾಯಿಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕ ತುಂಬಬೇಕು. ಕೇಂದ್ರ ಅಂಕಿಅಂಶ ಇಲಾಖೆಯ 2024ರ ಕಾಲಬಳಕೆಯ ಸಮೀಕ್ಷೆಯಂತೆ ಹದಿನೈದರಿಂದ ಐವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇಕಡ 41ರಷ್ಟು ಜನ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇಕಡ 21ಕ್ಕೆ ತುಸು ಮೇಲೆ, 74 ನಿಮಿಷ. ಸಂಜೆ ಸಮಯಕ್ಕೆ ಸರಿಯಾಗಿ ಬಂದು ಮಗುವನ್ನು ಕರೆದೊಯ್ಯುವುದು ತಂದೆಗೂ ಸಾಧ್ಯವಾದ ಕೆಲಸ.

ಬಸದಿ ಮತ್ತು ಟ್ರಸ್ಟುಗಳ ವಿಷಯವನ್ನು ಎತ್ತದೆ ಬಿಡುವುದು ಅಪ್ರಾಮಾಣಿಕವಾದೀತು. ಕಲ್ಯಾಣಮಂಟಪಗಳ ಕೊಠಡಿಗಳು ಮುಹೂರ್ತವಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಬಹುದೆಂಬ ಸಲಹೆ ಯಾರಿಗಾದರೂ ಹೊಳೆಯುತ್ತದೆ; ಒಡನೆಯೇ “ಯಾರಾದರೂ ಸೇವಾಮನೋಭಾವದ ಮಹಿಳೆಯರು ಮುಂದೆ ಬಂದರೆ” ಎಂಬ ವಾಕ್ಯವೂ ಹೊರಡುತ್ತದೆ. ಟ್ರಸ್ಟಿನ ಗುಮಾಸ್ತನಿಗೆ ಸಂಬಳ, ಮಂಟಪಕ್ಕೆ ಬಣ್ಣ ಹೊಡೆಯುವವನಿಗೆ ಕೂಲಿ, ಮಕ್ಕಳನ್ನು ನೋಡಿಕೊಳ್ಳುವವಳಿಗೆ ಮಾತ್ರ ಸೇವಾಮನೋಭಾವ. ದಾನ ಮಾಡುವ ಇಚ್ಛೆ ಟ್ರಸ್ಟಿಗಿದ್ದರೆ ಆ ದಾನವು ತಾಯಿಯ ಕೊರತೆಗೆ ಸಲ್ಲಲಿ: ತಲೆಗೆ 4,008ರಲ್ಲಿ ತಾಯಿ ಎರಡು ಸಾವಿರ ಕೊಟ್ಟರೆ ಉಳಿದುದನ್ನು ಟ್ರಸ್ಟು ಕೊಡಲಿ. ದಾನದ ಖರ್ಚು ದಾನಿಯ ಕೈಯಿಂದ ಹೋಗಬೇಕು. ಸ್ವಂತ ಮನೆಯಲ್ಲೇ ಮಕ್ಕಳನ್ನು ಇಟ್ಟುಕೊಳ್ಳುವ ಗೃಹಿಣಿಗೂ ಇದೇ ಕ್ರಮ ಅನ್ವಯವಾಗುತ್ತದೆ. ಆಕೆಯನ್ನು ಮಂಟಪಕ್ಕೆ ಎಳೆದು ತರಬೇಕಾದ ಅಗತ್ಯವೇನೂ ಇಲ್ಲ, ಮಗುವಿಗೆ ಮನೆಯೇ ಲೇಸು.

ನ್ಯಾಯದ ತಕ್ಕಡಿಗೆ ಎರಡು ತಟ್ಟೆ. ಮೂವರಿಗೆಂದು ಒಪ್ಪಿ ತಲೆಗೆ ನಾಲ್ಕು ಸಾವಿರ ಪಡೆದು, ನಾಲ್ಕನೆಯ ಐದನೆಯ ಮಗುವನ್ನು ಸದ್ದಿಲ್ಲದೆ ಸೇರಿಸಿಕೊಂಡರೆ ಅದು ಆಕೆಯ ಕಡೆಯಿಂದಾಗುವ ಹೀನಾಧಿಕ. ಮಗುವನ್ನು ಚಿಕ್ಕ ಮಗಳ ಕೈಗೆ ಬಿಟ್ಟು ಸಂತೆಗೆ ಹೋಗುವುದು, ತಾಯಿ ಕಳಿಸಿದ ಹಾಲನ್ನು ನೀರುಮಾಡುವುದು, ಜ್ವರ ಬಂದದ್ದನ್ನು ಸಂಜೆಯವರೆಗೆ ಹೇಳದಿರುವುದು, ಇವು ಯಾವ ದರದಿಂದಲೂ ಕ್ಷಮಾರ್ಹವಾಗವು. ದರ ಕಡಿಮೆಯಾದ್ದರಿಂದ ಹೀಗೆ ಮಾಡಿದೆನೆಂಬ ಸಮಾಧಾನ ಆಕೆಗೆ ಸಲ್ಲದು; ಕಡಿಮೆಯಾದರೆ ಮೊದಲೇ ಬೇಡವೆನ್ನಬೇಕಿತ್ತು. ಬೇಡವೆನ್ನುವ ಧೈರ್ಯ ಬರಬೇಕಾದರೆ ತನ್ನ ಕಾಲದ ಬೆಲೆ ಎಷ್ಟೆಂಬುದು ಆಕೆಗೆ ತಿಳಿದಿರಬೇಕು. ಮೇಲೆ ಮಾಡಿದ ಗುಣಾಕಾರ ಭಾಗಾಕಾರ ನಾಲ್ಕನೆಯ ತರಗತಿಯದು. ಯಾವ ಗೃಹಿಣಿಯೂ ಮಾಡಬಲ್ಲಳು.

ಕರಾರನ್ನು ಕಾಗದದ ಮೇಲೆ ಬರೆಯುವುದು ನೆಂಟಸ್ತಿಕೆಗೆ ಅಪಚಾರವೆಂದು ಭಾವಿಸುವವರಿದ್ದಾರೆ. ಅಣ್ಣತಮ್ಮಂದಿರ ಪಾಲುಗಾರಿಕೆಯ ಅಂಗಡಿಯಲ್ಲೂ ರೋಜುಪುಸ್ತಕ ಇರುತ್ತದೆ. ಅದು ಇರುವುದರಿಂದಲೇ ಎಷ್ಟೋ ಕಡೆ ಅಣ್ಣತಮ್ಮಂದಿರು ಒಟ್ಟಿಗೆ ಊಟಮಾಡುತ್ತಿದ್ದಾರೆ. ಬಾಗಿಲ ಬಳಿ ಒಂದು ನೋಟ್‌ಪುಸ್ತಕ ಸಾಕು. ಮಗು ಬಂದ ಗಂಟೆ, ಹೋದ ಗಂಟೆ, ಕುಡಿದ ಹಾಲು, ಮಲಗಿದ ಹೊತ್ತು. ತಿಂಗಳ ಕೊನೆಯಲ್ಲಿ ಹೆಚ್ಚಿನ ಗಂಟೆಗಳನ್ನು ಕೂಡಿ 46 ರೂಪಾಯಿ 25 ಪೈಸೆಯಿಂದ ಗುಣಿಸಿದರೆ ಆಯಿತು, ಬಾಯಿಬಿಟ್ಟು ಕೇಳುವ ಸಂಕೋಚ ದೊಡ್ಡಮ್ಮನಿಗೂ ಉಳಿಯದು. ಸರ್ಕಾರದ ಕೂಲಿದರ ಬದಲಾದ ವರ್ಷ ಈ ಅಂಕಿಯನ್ನೂ ಬದಲಾಯಿಸಿಕೊಳ್ಳತಕ್ಕದ್ದು. ಮಗುವನ್ನು ಬಿಡಿಸಿಕೊಳ್ಳುವುದಾದರೆ ಒಂದು ತಿಂಗಳು ಮುಂಚೆ ತಿಳಿಸಬೇಕೆಂಬ ಮಾತೂ ಆ ಪುಸ್ತಕದ ಮೊದಲ ಪುಟದಲ್ಲೇ ಇರಲಿ, ಇಬ್ಬರ ರುಜುವಿನೊಡನೆ.